ಸುಮ್ಮನಿದ್ದಾಗಿನ ಲೆಕ್ಕ

ಮಲ್ಪೆಯ ಐಸ್ ಪ್ಲಾಂಟಿನ ಹಿಂದೆ
ಎಂಟಡಿ ಹತ್ತಡಿಯ ನನ್ನ ಅಂಗಡಿ.
ಮೇಜಿನ ಮೇಲೆ ಎರಡು ಬೋರ್ಡು,
ಒಂದು ಕಪ್ಪು, ಒಂದು ಹಸಿರು,
ಒಂದೊಂದರ ನಡುವೆಯೂ ಹೆಬ್ಬೆರಳ ಉಗುರಷ್ಟು ಪ್ರೊಸೆಸರು.
"ಹತ್ತು ದಿನ ಆಳಕಡಲು, ಬ್ಯಾಟರಿ ಒಂದೇ.
ಬಲೆ ಬಿಟ್ಟಲ್ಲೆಲ್ಲ ಗುರುತು ಬೇಕು"
ಎಂದು ಹೇಳಿ ಹೋಗಿದ್ದರು ದೂಮಪ್ಪ ತಿಂಗಳಾಯರು,
ಅಡ್ವಾನ್ಸಿನ ಲೆಕ್ಕದಲ್ಲಿ ಒಂದು ಅಂಜಲ್ ಇಟ್ಟು.

ಓಟಕ್ಕೆ ಬಿಟ್ಟೆ ಎರಡನ್ನೂ.
ಒಂದೇ ಲೆಕ್ಕ, ಒಂದೇ ವೋಲ್ಟು, ಒಂದೇ ಸೆಕೆ.
ಏಪ್ರಿಲ್ ಮಧ್ಯಾಹ್ನ, ಫ್ಯಾನ್ ಬಂದ್;
ಗಾಳಿ ಬಿಟ್ಟರೆ ಕಪ್ಪಿಗೆ ಲಂಚ ಕೊಟ್ಟಂತೆ.
ನೌಷೀರ್ ಸ್ಟಾಪ್‌ವಾಚು ಹಿಡಿದು ಕೂತ,
ನಾನು ಮಲ್ಟಿಮೀಟರಿನ ಕಡ್ಡಿ ಹಿಡಿದು.

ಕಪ್ಪು: ನಲವತ್ತು ಸೆಕೆಂಡು, ನಾಲ್ಕು ವ್ಯಾಟು.
ಹಸಿರು: ನೂರ ಹತ್ತು ಸೆಕೆಂಡು, ಒಂದೂವರೆ.
ಗುಣಿಸಿದೆ. ನೂರ ಅರವತ್ತು ಜೂಲು. ನೂರ ಅರವತ್ತೈದು.
ಬೆವರು ಒರೆಸಿಕೊಂಡು ಮತ್ತೆ ಗುಣಿಸಿದೆ.
ನಿಧಾನವೆಂದರೆ ಉಳಿತಾಯ ಎಂದು
ಶಾಲೆಯಿಂದಲೂ ನಂಬಿಕೊಂಡು ಬಂದವಳು ನಾನು.
ಐದೇ ಐದು ಜೂಲಿನಲ್ಲಿ ಗೆದ್ದ ಕಪ್ಪು
ಬೆಚ್ಚಗೆ ನನ್ನ ಮುಖ ನೋಡುತ್ತಿತ್ತು.

ಎದುರಿನ ಶೆಡ್ಡಿನ ಗುಲಾಬಿಯಕ್ಕ ಹೀಗೆಯೇ.
ಎರಡು ಬುಟ್ಟಿ ಬೂತಾಯಿಯನ್ನು
ಉಳಿದವರು ಸೆರಗು ಬಿಗಿಯುವುದರೊಳಗೆ ವಿಂಗಡಿಸಿ,
ಬುಟ್ಟಿ ಬೋರಲು ಹಾಕಿ,
ಅದಕ್ಕೇ ತಲೆಯೊರಗಿಸಿ ನಿದ್ದೆ.
ಬೈಯುವ ರೈಟರಿಗೂ ಗೊತ್ತು,
ಬೇಗ ಮುಗಿಸಿದವಳ ನಿದ್ದೆ ಕಳ್ಳತನವಲ್ಲ.

"ಹಾಗಾದರೆ ಕಪ್ಪೇ ಅಲ್ವಾ?" ನೌಷೀರ್ ಬಿಲ್ಲು ಬರೆಯತೊಡಗಿದ.

ಸಂಜೆ ತಿಂಗಳಾಯರು ಬಂದರು, ಒದ್ದೆ ಚಪ್ಪಲಿ ಹೊರಗೆ ಬಿಟ್ಟು.
ನನ್ನ ಕೋಷ್ಟಕವನ್ನು ಪೇಪರ್ ಓದುವಂತೆ ದೂರ ಹಿಡಿದು ನೋಡಿ
ಒಂದೇ ಮಾತು ಕೇಳಿದರು:
"ಮನಿಪಂದೆ ಕುಳ್ಳುನಗ ಏತ್ ತಿನ್ಪುಂಡು?"
ಸುಮ್ಮನೆ ಕೂತಾಗ ಎಷ್ಟು ತಿನ್ನುತ್ತದೆ?
"ಓಡಿದ ಡೀಸೆಲನ್ನು ಎಲ್ಲರೂ ಬರೆದಿಡುತ್ತಾರೆ ಮಗಾ.
ಇಂಜಿನ್ ಆರಿಸದೆ ದಕ್ಕೆಯಲ್ಲಿ ನಿಂತ ಬೋಟು
ಕುಡಿದದ್ದನ್ನು ಯಾರೂ ಬರೆಯುವುದಿಲ್ಲ.
ನನ್ನ ಮೊದಲ ಬೋಟು ಹೋದದ್ದು ಅದರಲ್ಲಿ."

ಕೇಳಬೇಕಿದ್ದವಳು ನಾನು.
ಓಟ ನಲವತ್ತು ಸೆಕೆಂಡಿನದು,
ಹತ್ತು ನಿಮಿಷಕ್ಕೊಂದು ಓಟ,
ಉಳಿದದ್ದೆಲ್ಲ ಕಾಯುವುದು.

ಆ ರಾತ್ರಿ ಎರಡಕ್ಕೂ ಲಾಲಿ.
ಕಪ್ಪು ಮಲಗಲಿಲ್ಲ, ಮಲಗಿದಂತೆ ಮಾಡಿತು:
ಒಂದು ಕಣ್ಣು ಅರೆತೆರೆದು,
ಕರೆದರೋ, ಈಗ ಕರೆದರೋ ಎಂದು,
ಮುನ್ನೂರು ಮಿಲಿವ್ಯಾಟಿನ ಕಾತರ.
ಹಸಿರು ಬಿದ್ದುಕೊಂಡ ಹಾಗಿತ್ತೆಂದರೆ
ಮೀಟರು ಕೆಟ್ಟಿತೆಂದು ನಾನು ಸೆಲ್ಲು ಬದಲಿಸಿದೆ.
ಇಪ್ಪತ್ತು. ಎಬ್ಬಿಸಿದರೆ ಎದ್ದಿತು,
ತನ್ನ ನೂರ ಹತ್ತು ಸೆಕೆಂಡು ತೆಗೆದುಕೊಂಡಿತು,
ಮತ್ತೆ ಬಿದ್ದುಕೊಂಡಿತು.

ಬ್ಯಾಟರಿ ಭಾಗಿಸಿದೆ:
ಕಪ್ಪಿಗೆ ಆರೂವರೆ ದಿನ,
ಹಸಿರಿಗೆ ಹನ್ನೆರಡು.
ನೌಷೀರ್ ಬಿಲ್ಲು ಹರಿದ.

ಹನ್ನೊಂದನೆಯ ದಿನ ಬೋಟು ಬಂತು, ಡಬ್ಬಿ ಬಂತು,
ಮುಚ್ಚಳಕ್ಕೆ ಉಪ್ಪು ಹೂತಿತ್ತು.
ಗುರುತುಗಳೆಲ್ಲ ಸಾಲಾಗಿ ಇದ್ದವು,
ಏಳನೆಯ ರಾತ್ರಿಯ ನಾಲ್ಕು ತಾಸು ಬಿಟ್ಟು.
ಅಲ್ಲಿ ಕಡಲೇ ಇರಲಿಲ್ಲ ಎಂಬಂತೆ ಖಾಲಿ.
ಬೆಸುಗೆ ನೋಡಿದೆ, ವಯರು ನೋಡಿದೆ,
ಪ್ರೊಸೆಸರನ್ನು ಬೈದೆ ಕೂಡ.

ಬೋಟಿನ ಅಡುಗೆಯವ, ಒಡಿಶಾದ ತ್ರಿನಾಥ,
ಬಾಗಿಲಲ್ಲಿ ನಿಂತು ತಾನೇ ಹೇಳಿದ:
ವಯರು ಕಿತ್ತು ಮೊಬೈಲಿಗೆ ಹಾಕಿದ್ದೆ.
ಸಿಗ್ನಲ್ ಇರಲಿಲ್ಲ, ಯಾರಿಗೂ ಫೋನಲ್ಲ.
ಮಗಳು ಮೊದಲ ಸಲ ಎದ್ದು ನಡೆದ ವಿಡಿಯೊ,
ಹದಿನೇಳು ಸೆಕೆಂಡಿನದು.

ಹದಿನೇಳು ಸೆಕೆಂಡು, ನಾಲ್ಕು ತಾಸು.
ಗುಣಿಸಲು ಹೋಗಲಿಲ್ಲ.
ಈಗ ಹೊಸ ಡಬ್ಬಿಗಳಿಗೆಲ್ಲ
ಬದಿಯಲ್ಲೊಂದು ಚಾರ್ಜಿಂಗ್ ತೂತು ಕೊರೆಯುತ್ತೇನೆ,
ಬ್ಯಾಟರಿ ಒಂದು ಸೈಜು ದೊಡ್ಡದು ಹಾಕುತ್ತೇನೆ.
ಯಾಕೆ ಎಂದು ಕೇಳಿದ ಗಿರಾಕಿಗೆ
ನೌಷೀರ್ ಗಂಭೀರವಾಗಿ ಹೇಳುತ್ತಾನೆ:
ಲೀಕೇಜು.